ಹಿತ್ತಾಳೆಯ ಅಳತೆ

ಆಸ್ಪತ್ರೆಯ ಬಟ್ಟೆ ಒಗೆಯುವ ರಾತ್ರಿಪಾಳಿ ಮುಗಿಸಿ,
ಕೂಸ್ ಬೇ ಊರು ಇನ್ನೂ ಹೊದ್ದು ಮಲಗಿರುವಾಗ
ಸೊಂಟದವರೆಗಿನ ರಬ್ಬರ್ ಬೂಟಿಗೆ ಕಾಲು ತೂರಿಸುತ್ತೇನೆ.
ಕೈಗಿನ್ನೂ ಬ್ಲೀಚಿನ ವಾಸನೆ. ಮೀನಿಗೆ ಅದು ಆಗದು.
ಅದಕ್ಕೇ ಮೊದಲು ಮರಳಲ್ಲಿ ತಿಕ್ಕಿ ತಿಕ್ಕಿ ತೊಳೆಯುತ್ತೇನೆ,
ಜಿಡ್ಡು ಹಿಡಿದ ಬಾಣಲೆ ತೊಳೆದ ಹಾಗೆ.

ರೇನೊ ಟುವೊಮಿನೆನ್ ಆಗಲೇ ಅಲ್ಲಿರುತ್ತಾನೆ.
ಮರದ ಮಿಲ್ಲಿನಲ್ಲಿ ಮೂವತ್ತು ವರ್ಷ ಗರಗಸ ನೋಡಿಕೊಂಡವನು,
ಎಡಗೈಯಲ್ಲಿ ಮೂರೂವರೆ ಬೆರಳು.
ಉರುಲು ಕಟ್ಟಿದ ಪುಟ್ಟ ಪಂಜರದೊಳಗೆ ಕೋಳಿಕಾಲು ತುರುಕಿ
ದಪ್ಪನೆಯ ಕೋಲು ಬೀಸಿದನೆಂದರೆ
ಮೂರನೆಯ ಅಲೆಯಾಚೆ, ನೀರು ಒಂದು ಗಳಿಗೆ ಹಸಿರಾಗಿ ತಡೆಯುತ್ತದಲ್ಲ,
ಅಲ್ಲೇ ಬೀಳುತ್ತದೆ. ಆಮೇಲೆ ಹತ್ತು ನಿಮಿಷ ಏನೂ ಇಲ್ಲ.
"ಏಡಿಗೆ ಅವಸರವಿಲ್ಲ" ಎನ್ನುತ್ತಾನೆ.
ಅದು ಆ ದಿನದ ಮಾತು. ಒಮ್ಮೊಮ್ಮೆ ಆ ವಾರದ್ದು.

ನನ್ನದು ಪರ್ಚ್. ಅಂಗೈಯಗಲದ, ಕೆಂಪು ಬಾಲದ,
ನೊರೆಯೊಳಗೇ ಸಂಸಾರ ಹೂಡಿದ ಮೀನು.
ಹಿಂದೆ ಸರಿಯುವ ಅಲೆ ಮರಳ ಮೇಲೆ ಕಾಗೆಗಾಲು ಗೀಚಿದ ಕಡೆ
ತೋಡಿದರೆ ಮರಳೇಡಿಗಳು,
ಹೆಬ್ಬೆರಳಿನ ಉಗುರಿನಷ್ಟು, ಹೊಟ್ಟೆಯಡಿ ಕಿತ್ತಳೆ ಮೊಟ್ಟೆ.
ಬೆರಳ ಸಂದಿಯಲ್ಲಿ ಹಿಂದುಹಿಂದಕ್ಕೆ ಕೊರೆಯುತ್ತವೆ
ನನ್ನನ್ನೂ ಮರಳೆಂದೇ ತಿಳಿದು.

ಏಳು ವರ್ಷ ಹೀಗೆ, ನಡುವೆ ನಲವತ್ತು ಹೆಜ್ಜೆ,
ಇಬ್ಬರ ಮುಖವೂ ನೀರಿನ ಕಡೆ.
ಕಳೆದ ಚಳಿಗಾಲ ದಿನಸಿ ಅಂಗಡಿಯಲ್ಲಿ, ಈರುಳ್ಳಿ ರಾಶಿಯೆದುರು
ಯಾರೋ ಕುಳ್ಳ ಮುದುಕ, ಬೊಕ್ಕತಲೆ, ಇಸ್ತ್ರಿ ಮಾಡಿದ ಅಂಗಿ,
"ದಕ್ಷಿಣದ ಗಾಳಿ" ಎಂದ.
ದನಿಯಿಂದ ಗುರುತು ಹತ್ತಿತು.
ಟೋಪಿಯಿಲ್ಲದ ಆ ತಲೆಯನ್ನು ನಾನು ಕಂಡೇ ಇರಲಿಲ್ಲ.
ಸ್ನಾನದ ಮನೆಯಲ್ಲಿ ಎದುರಾದವರಂತೆ ಇಬ್ಬರೂ ನಾಚಿ,
ನಾನು ಬೇಡದ ಈರುಳ್ಳಿ ಐದು ಪೌಂಡ್ ಕೊಂಡೆ.

ಅವನ ಸೊಂಟಪಟ್ಟಿಯಲ್ಲಿ ಹಿತ್ತಾಳೆಯದೊಂದು ಅಳತೆ.
ಮಿಲ್ಲು ಮುಚ್ಚಿದ ದಿನ ಯಾವುದೋ ಯಂತ್ರದಿಂದ ಕಿತ್ತ ತಗಡು,
ಐದೂಮುಕ್ಕಾಲು ಇಂಚಿಗೆ ಕೊರೆದದ್ದು.
ಏಡಿ ಬಂದರೆ ಮೊದಲು ಮಗುಚಿ ಹೊಟ್ಟೆ ನೋಡುತ್ತಾನೆ:
ಪಟ್ಟಿ ಅಗಲವಿದ್ದರೆ ಹೆಣ್ಣು, "ಹೋಗಮ್ಮ."
ಗಂಡಾದರೆ ಬೆನ್ನಿಗೆ ಹಿತ್ತಾಳೆ ಹಿಡಿಯುತ್ತಾನೆ.
ಕೂದಲೆಳೆ ಕಡಿಮೆಯಾದರೂ ಬಿಡುವವನು,
ಕೂದಲೆಳೆ ಹೆಚ್ಚಾದರೂ ಒಮ್ಮೊಮ್ಮೆ ಬಿಟ್ಟದ್ದುಂಟು.
ಕೇಳಿದರೆ, "ಚಳಿಗೆ ಹಿತ್ತಾಳೆ ಕುಗ್ಗಿದೆ."

ಜೂನಿನ ಒಂದು ಮಂಜು ಬೆಳಗ್ಗೆ
ನನ್ನ ದಾರ ಎರಡು ಸಲ ಮಿಡಿದು ಬಾಗಿತು.
ಭಾರದ ಮೀನು. ಗಾಳ ಬಿಡಿಸಲು ಹೊಟ್ಟೆ ಹಿಡಿದೆನಷ್ಟೆ,
ಮುಷ್ಟಿಯಿಂದ ಒಂದು ಮರಿ ಜಾರಿತು.
ರೆಕ್ಕೆ, ಕಣ್ಣು, ಮೈಪಟ್ಟೆ ಎಲ್ಲ ಇದ್ದ
ಅಂಗಿಯ ಗುಂಡಿಯಷ್ಟಗಲದ ಪರ್ಚ್.
ಇನ್ನೊಂದು. ಮತ್ತೊಂದು, ಬಾಲ ಮೊದಲಾಗಿ.
ಈ ಮೀನು ಹೆರುತ್ತದೆಂದು ಗೊತ್ತಿತ್ತು. ಗೊತ್ತಿರುವುದು ಬೇರೆ,
ಅಂಗೈಯಲ್ಲಿ ಹೆರಿಗೆಯಾಗುವುದು ಬೇರೆ.

"ರೇನೊ!" ಎಂದು ಕೂಗಿದೆ,
ಏಳು ವರ್ಷದಲ್ಲಿ ಮೊದಲ ಸಲ ಹೆಸರು ಹಿಡಿದು.
ಓಡಿ ಬಂದ. ಅವನು ಓಡಬಲ್ಲನೆಂದೇ ನನಗೆ ತಿಳಿದಿರಲಿಲ್ಲ.
ಮಂಡಿಯೂರಿ, ಆ ಮೂರೂವರೆ ಬೆರಳಲ್ಲಿ
ಮರಳಿಗಂಟಿದ ಮರಿಗಳನ್ನು ಒಂದೊಂದೇ ಎತ್ತಿ
ನೀರು ತುಂಬಿದ ಟೋಪಿಗೆ ಹಾಕಿದ.
ಹನ್ನೊಂದು ಎಣಿಸಿದೆವು. ಆಮೇಲೆ ಅಲೆ ಬಂದು ಲೆಕ್ಕ ತಪ್ಪಿಸಿತು.
ಒಂದೆರಡನ್ನು ಕಡಲಹಕ್ಕಿ ಎತ್ತಿತು. ಇಬ್ಬರೂ ನೋಡಿದೆವು.
ತಾಯಿಯನ್ನು ನಾನು ನೀರಲ್ಲಿ ಹಿಡಿದು ನಿಂತೆ,
ಕಿವಿರು ಆಡುವವರೆಗೆ, ಆಡಿ ನನ್ನ ಕೈ ಒದೆಯುವವರೆಗೆ.

ಅಷ್ಟರಲ್ಲಿ ಅವನ ಕೋಲು ಮರಳಿಗೆ ಮಲಗಿತ್ತು.
ಎಳೆದ. ಉರುಲಿನಲ್ಲಿ ಎರಡು ಕಾಲು ಸಿಕ್ಕ ಗಂಡೇಡಿ.
ಅಳತೆ ಸರಿಯಿತ್ತು. ಇಟ್ಟುಕೊಂಡ.
ಒದ್ದೆ ಟೋಪಿ ಹಿಂಡುತ್ತಾ, ಸಮುದ್ರವನ್ನೇ ಕೇಳುವಂತೆ
ನನ್ನ ಹೆಸರು ಕೇಳಿದ.
ಆರ್ಡಿತ್, ಎಂದೆ.
ಅಲೆಯ ಸದ್ದಿಗೆ ಕೇಳಿಸಿತೋ ಇಲ್ಲವೋ,
ಬೊಕ್ಕತಲೆ ಮಂಜಿನಲ್ಲಿ ಒಮ್ಮೆ ಆಡಿತು.